ಕೇಪಿನ ಸುತ್ತ ಕೆಂಪು

ಮಾರ್ಲಿಸ್ ಕರವಸ್ತ್ರದ ಗಂಟು ಬಿಚ್ಚಿ, ಖಾಲಿ ತೋಟಾ ಒಂದನ್ನು, ತೋಟಾ ತುಂಬಿಕೊಡುವ ಐನಾರ್‌ನ ತಕ್ಕಡಿಯ ಪಕ್ಕದಲ್ಲಿಟ್ಟಳು.

"ಹಳ್ಳದ ದಂಡೆ ಮೇಲೆ ಸಿಕ್ತು. ನನ್ನ ನಾಯಿ ಟಕ್ ಸತ್ತು ಬಿದ್ದಿದ್ದ ಜಾಗದಿಂದ ಎಂಬತ್ತು ಹೆಜ್ಜೆ. ನಾನೇ ಅಳೆದೆ."

ಐನಾರ್ ತಕ್ಷಣ ತಲೆಯೆತ್ತಲಿಲ್ಲ. ತೂಗಿದ ಮದ್ದನ್ನು ಹಿತ್ತಾಳೆ ಕೊಳವೆಯ ಬಾಯಿಗೆ ಸುರಿದು, ಗುಂಡು ಕೂರಿಸಿ, ಪ್ರೆಸ್ಸಿನ ಹಿಡಿಯನ್ನು ಮೆಲ್ಲಗೆ ಒತ್ತಿದ. ಮದ್ದು ಎರಡು ಸಲ ಬಿದ್ದರೆ ಕೋವಿಯೇ ಸಿಡಿದು ಮುಖಕ್ಕೆ ಬರುವ ಕೆಲಸವದು. ನಡುವೆ ಬಿಟ್ಟೇಳುವ ಹಾಗಿಲ್ಲ. ಆಮೇಲೆ ಕನ್ನಡಕ ಏರಿಸಿ ಖಾಲಿ ತೋಟಾವನ್ನು ಬೆಳಕಿಗೆ ಹಿಡಿದ. ಅದರ ತಳದಲ್ಲಿ, ಕಿಡಿ ಹೊತ್ತಿಸುವ ಪುಟ್ಟ ಕೇಪಿನ ಸುತ್ತ, ನೇಲ್ ಪಾಲಿಶ್‌ನ ಕೆಂಪು ಉಂಗುರವಿತ್ತು. ಅದನ್ನು ಬಳಿದವನು ಅವನೇ.

"ಇದು ನಿಮ್ಮ ಕೈಯಿಂದಾನೇ ಹೋಗಿದ್ದು, ಹೌದೋ ಅಲ್ವೋ?"

"ನನ್ನದೇ."

"ಹುಲ್ಲುಗಾವಲಲ್ಲಿ ಬಿಲ ತೋಡೋ ಗೋಫರ್ ಹೊಡೆಯೋಕೆ ಅಂತ ನಾಲ್ಕು ಜನಕ್ಕೆ ಮಾಡಿಕೊಡ್ತೀರಿ. ಅದರಲ್ಲಿ ಆ ಕ್ರೆಬ್ಸ್ ಒಬ್ಬ. ಬೇಲಿಯಾಚೆಯವನು. ನನ್ನ ನಾಯಿ ಕಂಡ್ರೆ ಮುಖ ಕಿವುಚ್ತಿದ್ದ. ಇನ್ನೇನು ಬೇಕು?"

ಐನಾರ್‌ಗೆ ಬೇರೆಯದೇ ಯೋಚನೆ. ಅವನ ತೋಟಾ ಬಳಸುವವರು ಖಾಲಿ ಕೊಳವೆಗಳನ್ನು ಆರಿಸಿ ತಂದು ಕೊಡುತ್ತಾರೆ. ಒಂದೊಂದನ್ನು ಎಂಟು ಹತ್ತು ಸಲ ತುಂಬಬಹುದು. ಆರಿಸದೆ ಬಿಟ್ಟುಹೋದವನು ಅಲ್ಲಿಂದ ಓಡಿಹೋಗಿರಬೇಕು. ಯೋಚಿಸುತ್ತಲೇ ಅವನು ಕೈ ಒರೆಸುವ ಬಟ್ಟೆಯೊಂದನ್ನೆಳೆದು, ಆಗಷ್ಟೇ ತುಂಬಿಟ್ಟಿದ್ದ ಪೆಟ್ಟಿಗೆಯ ಮೇಲೆ ಹಾಕಿದ.

"ಅದನ್ಯಾಕೆ ಮುಚ್ಚಿದ್ರಿ?"

"ಧೂಳು."

"ಏಪ್ರಿಲ್ ಪೂರ್ತಿ ಮಳೆ ಹೊಡೆದಿದೆ. ಇಡೀ ಡಕೋಟಾದಲ್ಲಿ ಇವತ್ತು ಧೂಳಿಲ್ಲ ಐನಾರ್." ಮಾರ್ಲಿಸ್ ಕೋಟಿನ ಗುಂಡಿ ಹಾಕಿಕೊಂಡಳು. "ಆಯ್ತು, ನೀವು ಹೇಳ್ಬೇಡಿ. ಕ್ರೆಬ್ಸ್ ಮನೆಗೇ ಹೋಗಿ ಕೇಳ್ತೀನಿ. ಕೋವಿ ಗಾಡೀಲೇ ಇದೆ."

ಅವಳು ಬಾಗಿಲ ತನಕ ಹೋಗಿದ್ದಳು. "ನಿಲ್ಲು ಮಾರ್ಲಿಸ್," ಎಂದು ಐನಾರ್ ಎದ್ದ. ಗೂಡಿನಿಂದ ಒಂದು ಪೆಟ್ಟಿಗೆ ತಂದು ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ. ಐವತ್ತು ತೋಟಾ, ಐವತ್ತರ ತಳದಲ್ಲೂ ಹಸಿರು ಉಂಗುರ. "ಇವು ಕ್ರೆಬ್ಸ್‌ದು. ಒಬ್ಬೊಬ್ಬರ ಕೋವಿಗೆ ಒಂದೊಂದು ಅಳತೆ. ಅದಲುಬದಲಾಗಬಾರದು ಅಂತ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಕ್ರೆಬ್ಸ್‌ಗೆ ನಾನು ಕೆಂಪು ಯಾವತ್ತೂ ಹಾಕಿಲ್ಲ. ಇದರ ಮೇಲೆ ನಿನ್ನಿಷ್ಟ."

"ಮತ್ತೆ ಕೆಂಪು ಯಾರದು?"

ಐನಾರ್ ಕುರ್ಚಿಗೆ ಮರಳಿದ. ಹದಿನೈದು ವರ್ಷದಿಂದ ಆ ಮನುಷ್ಯನ ಜೊತೆ ಒಂದೇ ಗಾಡಿಯಲ್ಲಿ ಗೋಫರ್ ಬೇಟೆಗೆ ಹೋಗಿದ್ದಾನೆ, ಒಂದೇ ಫ್ಲಾಸ್ಕಿನ ಕಾಫಿ ಕುಡಿದಿದ್ದಾನೆ. ಮಾರ್ಲಿಸ್ ಉತ್ತರಕ್ಕೆ ಕಾಯಲಿಲ್ಲ. ಕೈ ಚಾಚಿ ಬಟ್ಟೆಯನ್ನು ಎಳೆದಳು. ಸಾಲುಸಾಲು ಕೆಂಪು ಉಂಗುರಗಳು. ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ ಚೀಟಿಯಲ್ಲಿ ಐನಾರ್‌ನ ದುಂಡು ಅಕ್ಷರದಲ್ಲಿ ಅವಳ ಗಂಡನ ಹೆಸರಿತ್ತು: ಡೇಲ್.

ಅವಳು ಅದನ್ನು ಎರಡು ಸಲ ಓದಿದಳು. ಖಾಲಿ ತೋಟಾವನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟಳು. ಅವಳ ಗಾಡಿ ಕ್ರೆಬ್ಸ್ ಮನೆಯ ಕಡೆಗಲ್ಲ, ತನ್ನ ಮನೆಯ ಕಡೆಗೆ ತಿರುಗಿದ್ದನ್ನು ಐನಾರ್ ಕಿಟಕಿಯಿಂದ ನೋಡಿದ.

ಮರುದಿನ ಮಧ್ಯಾಹ್ನ ಡೇಲ್ ಬಂದ. ಗಡ್ಡ ಬೋಳಿಸಿರಲಿಲ್ಲ.

"ಹೇಳೇಬಿಟ್ಟೆ ಅಲ್ವೇನೋ ಮುದುಕ."

"ನಾನು ಏನೂ ಹೇಳಲಿಲ್ಲ."

"ನೀನು ಬಾಯಲ್ಲಿ ಬೇರೆ ಹೇಳ್ಬೇಕಾ?" ಡೇಲ್ ಸ್ಟೂಲಿನ ಮೇಲೆ ಕುಸಿದ. "ಟಕ್ ಕ್ರೆಬ್ಸ್‌ನ ಮೂರು ಕುರಿಮರಿ ಹೊಟ್ಟೆ ಬಗೆದುಹಾಕಿತ್ತು ಕಣೋ. ನಾನೇ ಕಣ್ಣಾರೆ ನೋಡ್ದೆ. 'ನಿಮ್ಮ ನಾಯಿ, ನೀವೇ ನೋಡ್ಕೊಳ್ಳಿ, ಇಲ್ದಿದ್ರೆ ಶೆರಿಫ್‌ನ ಕರೀತೀನಿ' ಅಂದ ಕ್ರೆಬ್ಸ್. ರುಚಿ ಹತ್ತಿದ ಮೇಲೆ ನಾಯಿ ಬಿಡುತ್ತಾ? ಅವಳು ಅದಕ್ಕೆ ಬಾಟಲಿ ಹಾಲು ಕುಡಿಸಿ ಸಾಕಿದ್ಳು. ಅವಳಿಗೆ ಹೇಗೆ ಹೇಳ್ಲಿ? ಯಾರೋ ಹೊಡೆದ್ರು ಅಂದ್ರೆ ಒಂದು ವಾರ ಅತ್ತು ಸುಮ್ಮನಾಗ್ತಾಳೆ ಅಂದ್ಕೊಂಡೆ."

"ಅವಳು ನಿನ್ನೆ ಕ್ರೆಬ್ಸ್‌ನ ಹೊಡೆದುಹಾಕಿರೋಳು."

"ಗೊತ್ತು." ಡೇಲ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಏನಂದ್ಳು?"

"ಅದೇ ನೋಡು. ನಾನು ಎಲ್ಲಾ ಒಪ್ಕೊಂಡೆ. ಕ್ರೆಬ್ಸ್‌ಗೆ ಫೋನ್ ಮಾಡಿ ಕೇಳು ಅಂದೆ. ಮಾಡ್ಲಿಲ್ಲ. ಅಳಲಿಲ್ಲ, ಬೈಲಿಲ್ಲ. ಸಿಂಕಿನ ಹತ್ರ ನಿಂತು ತಟ್ಟೆ ಒರೆಸ್ತಾ, 'ಹೋದ ಚಳಿಗಾಲ ನನ್ನ ಕುದುರೆ ಸತ್ತಿತ್ತಲ್ಲ, ಅದಕ್ಕೇನಾಗಿತ್ತು ಡೇಲ್?' ಅಂತ ಕೇಳಿದ್ಳು." ಡೇಲ್ ನಗಲು ನೋಡಿದ. "ಕುದುರೆ! ಹುಚ್ಚಲ್ವಾ?"

ಐನಾರ್ ತುಂಬಿದ ಪೆಟ್ಟಿಗೆಯನ್ನು ಅವನ ಕಡೆಗೆ ತಳ್ಳುತ್ತಿದ್ದ. ಅರ್ಧದಲ್ಲೇ ಅವನ ಕೈ ನಿಂತಿತು.

"ಏನಾಗಿತ್ತು ಅದಕ್ಕೆ?" ಎಂದು ಕೇಳಿದ.