ಹದಿನಾಲ್ಕನೇ ದಿನದ ಕಾವು

ಬೀದರಿನಲ್ಲಿ ಹಿಮ ಬೀಳತೊಡಗಿದ ಮೇಲೆ ಹಾಡುವ ಹಕ್ಕಿಗಳು ಮೊಟ್ಟೆಯಿಟ್ಟು, ಗೂಡಿನಲ್ಲೇ ಸೆಟೆದು ಸಾಯುತ್ತಿದ್ದವು. ಹಾಗಾಗಿ ಮನೆಮನೆಯಲ್ಲಿ ಹೆಂಗಸರೇ ಕಾವಿಗೆ ಕೂರುತ್ತಿದ್ದರು. ಕೂತವಳು ಏಳಬಾರದೆಂದು ಗಂಡಂದಿರು ಗಂಡುಹಕ್ಕಿಯ ಹಾಗೆ ತುತ್ತು ತಿನ್ನಿಸುತ್ತಿದ್ದರು. ಊರಿಗೆ ಉಳಿದಿದ್ದ ಕೊನೆಯ ಮೂರು ಮೊಟ್ಟೆಗಳು ಸುಗಲಾಬಾಯಿಯ ಮಡಿಲಲ್ಲಿದ್ದವು.

ಗಂಡ ವೈಜನಾಥ ರೊಟ್ಟಿ ಮುರಿದು ಅವಳ ಬಾಯಿಗಿಟ್ಟ.

“ಲಗ್ನದಾಗ ಒಂದು ತುತ್ತು ಕೊಡ್ಲಾಕ ನಾಚಿದ್ರಿ,” ಎಂದು ಅವಳು ನಕ್ಕಳು. “ಇವತ್ತಿಗಿ ಹದಿನಾಲ್ಕು ದಿನ ಆಯ್ತು. ಒಂದನ್ನ ಬಿಸಿಲಿಗಿ ಹಿಡಿದು ನೋಡ್ರಿ, ಒಳಗ ಮರಿ ಮಿಸುಕಾಡ್ತದೇನು.”

ಮೊನ್ನೆ ಅವಳು ತೂಕಡಿಸುವಾಗ ಅವನು ಮೂರನ್ನೂ ಬಿಸಿಲಿಗೆ ಹಿಡಿದು ನೋಡಿದ್ದ. ಒಂದರಲ್ಲೂ ಜೀವದ ಕೆಂಪು ಎಳೆ ಕಂಡಿರಲಿಲ್ಲ.

“ಬ್ಯಾಡ, ತೆಗದ್ರ ತಣ್ಣಗಾಗ್ತಾವ,” ಎಂದು ಕಂಬಳಿಯ ಅಂಚನ್ನು ಅವಳ ಮೊಣಕಾಲಿನ ಕೆಳಗೆ ಒತ್ತಿದ. “ಬಾಯಿ ತೆರಿ.”