ಮೊದಲ ಪಾಠ

ಹನ್ನೊಂದನೇ ವಯಸ್ಸಿಗೇ ಕ್ರೀಡಾ ಹಾಸ್ಟೆಲ್ ಸೇರಿದ್ದ ಮಗಳು, ಜೂಡೋದಲ್ಲಿ ಏಷ್ಯಾ ಮಟ್ಟದ ಪದಕ ಗೆದ್ದು ಎರಡು ದಿನದ ಮಟ್ಟಿಗೆ ಮನೆಗೆ ಬಂದಿದ್ದಳು. ಅಪ್ಪ ಆ ಪದಕವನ್ನು ತನ್ನ ಕೊರಳಿಗೇ ಹಾಕಿಕೊಂಡು ಓಣಿಗೆಲ್ಲ ಪೇಡೆ ಹಂಚಲು ಹೋಗಿದ್ದ. ಅವ್ವ ಮಾತ್ರ ಕೂತಲ್ಲಿ ಕೂರಲಾರದೆ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದಳು.

“ಅಷ್ಟು ಎತ್ತೆತ್ತಿ ಒಗೀತಾರಲ್ಲ, ನಿನಗ ಪೆಟ್ಟಾಗೂದಿಲ್ಲೇನು?” ಎಂದು ಕೇಳಿದಳು.

“ಇಲ್ಲಬೇ. ನಮಗ ಮೊದಲು ಕಲಸೂದ ಬೀಳೂದು. ಗದ್ದ ಎದಿಗೆ ಒತ್ತಿ ಹಿಡದ್ರ ತಲಿ ನೆಲಕ್ಕ ಬಡಿಯೂದಿಲ್ಲ. ಅಂಗೈಲೆ ನೆಲಾ ಹೊಡದ್ರ ಅರ್ಧ ಪೆಟ್ಟು ಅಲ್ಲೇ ಇಳಿತೈತಿ.”

“ಬಾಜೂಕ ಗ್ವಾಡಿ ಇದ್ರ?”

“ಆಡೂ ಜಾಗಾದಾಗ ಗ್ವಾಡಿ ಎಲ್ಲಿಂದ ಬರಬೇಕು!” ಮಗಳು ನಕ್ಕಳು.

ಅವ್ವ ನಗಲಿಲ್ಲ. “ನನ್ನಂಥ ವಯಸ್ಸಾದಾಕಿಗೂ ಬರತೈತೇನು?”

“ಯಾಕ ಬರೂದಿಲ್ಲ? ಬಾ, ಎಂಥಾ ಗಂಡಸನ್ನೂ ಎತ್ತಿ ಒಗಿಯೂ ಪಟ್ಟು ಕಲಸ್ತೀನಿ.”

ಅವ್ವ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದಳು. ಎರಡು ಕೌದಿ ತಂದು ನೆಲಕ್ಕೆ ಹಾಸಿ, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು.

“ಒಗಿಯೂದು ಬ್ಯಾಡವ್ವಾ. ಬೀಳೂದಷ್ಟು ಕಲಸು, ನಿಮ್ಮಪ್ಪ ಬರೂದ್ರಾಗ.”