ಮೊದಲು ಹೊರಗೆ ಬಂದವರು

ಇಬ್ಬರು ಕೋಚ್‌ಗಳೂ ಒಳಗೆ ಹೋಗಿ ಆಗಲೇ ಬಹಳ ಹೊತ್ತಾಗಿತ್ತು. ಹಿತ್ತಲಿನ ಹಬೆಸ್ನಾನದ ಮನೆ ಸೌನಾದ ಮುಂದೆ ಹಿಮದಲ್ಲಿ ಸೌದೆ ಹಿಡಿದು ನಿಂತ ಲೆಂಪಿಗೆ, ಕಾದ ಕಲ್ಲಿನ ಮೇಲೆ ನೀರು ಬಿದ್ದು ಚುಸ್ಸೆನ್ನುವುದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಇಬ್ಬರೂ ಬಂದದ್ದು ಅವಳನ್ನು ತಮ್ಮ ತಮ್ಮ ವಿಶ್ವವಿದ್ಯಾಲಯದ ಓಟದ ತಂಡಕ್ಕೆ ಸೆಳೆದುಕೊಳ್ಳಲಿಕ್ಕೆ. ಕ್ರಾಸ್ಬಿಯವರದು ಟಿವಿಯಲ್ಲಿ ಕಾಣಿಸಿಕೊಳ್ಳುವ ದೊಡ್ಡ ತಂಡ. ಮೊರೇನೊ ಅವರದು ಅರ್ಧ ದಿನದ ದಾರಿಯಲ್ಲಿರುವ ಚಿಕ್ಕ ತಂಡ. ಯಾವುದಕ್ಕೆ ಸೇರುವುದೆಂದು ಸೋಮವಾರ ಅವಳು ಹೇಳಲೇಬೇಕಿತ್ತು.

ಇಬ್ಬರನ್ನೂ ಒಂದೇ ಸಂಜೆ ಕರೆದ ಮಹಾಶಯ ಅವಳ ಅಜ್ಜ ಅರ್ವಿಡ್. ಮಿಷಿಗನ್ನಿನ ಈ ಉತ್ತರದ ಮೂಲೆಯ ಫಿನ್ನಿಷ್ ಮನೆಗಳಲ್ಲಿ ಸೌನಾ ಕಾಯಿಸುವುದು ಶನಿವಾರ, ಮನೆಗೆ ಬಂದವರನ್ನು ಹಬೆಯಲ್ಲಿ ಕೂರಿಸದೆ ಊಟಕ್ಕೆ ಕೂರಿಸುವ ಮಾತೇ ಇಲ್ಲ. ಹಾಗಾಗಿ ಫೋನೆತ್ತಿದ ಅಜ್ಜ ಒಬ್ಬರಿಗೂ ಶನಿವಾರ ಬನ್ನಿ ಎಂದ, ಇನ್ನೊಬ್ಬರಿಗೂ ಶನಿವಾರ ಬನ್ನಿ ಎಂದ. ಅಜ್ಜಿ ಸೈಮಾ ತಲೆ ಚಚ್ಚಿಕೊಂಡರೆ, ಮತ್ತೇನು ಎರಡೆರಡು ಸಲ ಸೌದೆ ದಂಡ ಮಾಡಲಾ ಎಂದು ಅವಳ ಮೇಲೇ ರೇಗಿದ. ಅಂಗಳದಲ್ಲಿ ಎರಡು ಕಾರು ಎದುರುಬದುರು ನಿಂತಾಗ ಆ ಇಬ್ಬರ ಮುಖ ನೋಡಬೇಕಿತ್ತು. ಅಜ್ಜ ಮಾತ್ರ ಇಬ್ಬರ ಕೈಗೂ ಒಂದೊಂದು ಟವೆಲ್ ಕೊಟ್ಟು, ಬೆನ್ನು ತಟ್ಟಿ ಒಳಗೆ ಕರೆದುಕೊಂಡು ಹೋದ.

ಅಜ್ಜನ ಪಾಲಿಗೆ ಅದು ವಾರದ ಸ್ನಾನ. ಪಾಪ, ಕೋಚ್‌ಗಳು ಅದನ್ನು ಪರೀಕ್ಷೆ ಎಂದುಕೊಂಡರು. ಸ್ವಲ್ಪ ಹೊತ್ತಿಗೆ ಅಜ್ಜ ಹಾಯಾಗಿ ಹೊರಬಂದು ವರದಿ ಒಪ್ಪಿಸಿದ. ಒಬ್ಬ ಮೇಲಿನ ಹಲಗೆ ಹತ್ತಿದರೆ ಇನ್ನೊಬ್ಬನೂ ಹತ್ತುತ್ತಾನಂತೆ. ಒಬ್ಬ ಕಲ್ಲಿಗೆ ಒಂದು ಸೌಟು ನೀರು ಸುರಿದರೆ ಇನ್ನೊಬ್ಬ ಎರಡು ಸುರಿಯುತ್ತಾನಂತೆ. ಇಬ್ಬರೂ ಕಣ್ಣುಮುಚ್ಚಿಕೊಂಡು, ಏನೂ ಆಗದವರ ಹಾಗೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದಾರಂತೆ.

“ಕೊನೆಗೆ ಯಾರು ಬರ್ತಾನೋ ಅವನ ಜೊತೆ ಹೋಗು ಕಣೇ,” ಎಂದ ಅಜ್ಜ. “ಅವನೇ ಗಟ್ಟಿ ಆಸಾಮಿ.”

ಅವರು ಬೇಯುವುದರೊಳಗೆ ಒಲೆಯಲ್ಲಿಟ್ಟ ತನ್ನ ಮಾಂಸದ ಕಡುಬು, ಪಾಸ್ಟಿಗಳು, ಸೀದು ಕರಿಕಲಾಗುತ್ತವೆ ಎಂದು ಅಜ್ಜಿ ಅಡುಗೆಮನೆಯ ಬಾಗಿಲಿನಿಂದ ಗೊಣಗಿದಳು.

ಗಟ್ಟಿ ಎಂಬ ಮಾತೇ ಲೆಂಪಿಗೆ ಈಗೀಗ ಆಗಿಬರುತ್ತಿರಲಿಲ್ಲ. ಹೋದ ವರ್ಷ ರಾಜ್ಯಮಟ್ಟದ ಗುಡ್ಡಗಾಡು ಓಟದಲ್ಲಿ ಅವಳ ಮೊಣಕಾಲಿನ ಕೆಳಗಿನ ಮೂಳೆ ಅರ್ಧ ದಾರಿಗೇ ಚುಚ್ಚತೊಡಗಿತ್ತು. ಹಗ್ಗದಾಚೆ ನಿಂತ ಶಾಲೆಯ ಕೋಚ್ “ಇನ್ನೊಂದೇ ದಿಬ್ಬ” ಎಂದು ಅರಚಿದರು. ಪಕ್ಕದಲ್ಲೇ ಅಜ್ಜ ಟೋಪಿ ಬೀಸುತ್ತ ಓಡು ಓಡು ಎಂದ. ಓಡಿದಳು. ಎರಡನೆಯವಳಾಗಿ ಬಂದು ಗೆರೆ ದಾಟಿದವಳು ಅಲ್ಲೇ ಕುಸಿದಳು, ಮೂಳೆ ಬಿರುಕು ಬಿಟ್ಟಿತ್ತು. ಊರಿಗೆ ಊರೇ ಗಟ್ಟಿಗಿತ್ತಿ ಎಂದು ಕೊಂಡಾಡಿತು. ಕ್ರಾಸ್ಬಿಯವರೂ ಫೋನಿನಲ್ಲಿ ಮೊಟ್ಟಮೊದಲು ಹೊಗಳಿದ್ದು ಅದನ್ನೇ. ಕಾಲು ವಾಸಿಯಾಗಿತ್ತು, ನಿಜ. ಆದರೆ ಷೂ ಲೇಸು ಕಟ್ಟುವಾಗಲೆಲ್ಲ ಅವಳಿಗೆ ಹೆದರಿಕೆಯಾಗುತ್ತಿತ್ತು. ಗಟ್ಟಿಗಿತ್ತಿ ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಬಾಗಿಲು ದಡಾರನೆ ತೆರೆಯಿತು. ಬೀಟ್‌ರೂಟಿನ ಹಾಗೆ ಕೆಂಪಾಗಿದ್ದ ಮೊರೇನೊ ಟವೆಲ್ ಹಿಡಿದುಕೊಂಡು ಬಂದು ಹಿಮದ ಮೇಲೆ ದೊಪ್ಪೆಂದು ಕೂತರು. ಅಜ್ಜ ಬೇಸರದಿಂದ ಮುಖ ತಿರುಗಿಸಿದ.

“ಇನ್ನು ಸ್ವಲ್ಪ ತಡ್ಕೊಂಡಿದ್ರೆ ನೀವೇ ಗೆಲ್ತಿದ್ರಿ ಕೋಚ್,” ಎಂದಳು ಲೆಂಪಿ.

“ತಲೆ ತಿರುಗೋಕೆ ಶುರುವಾಯ್ತು ಕಣಮ್ಮ. ಎದ್ದು ಬಂದೆ.” ಒಂದು ಹಿಡಿ ಹಿಮವನ್ನು ನೆತ್ತಿಗೆ ಮೆತ್ತಿಕೊಂಡು ಅವರು ಅವಳ ಕಾಲಿನ ಕಡೆ ನೋಡಿದರು. “ಅಲ್ಲ, ನಾನು ಅವತ್ತಿಂದ ಕೇಳಬೇಕು ಅಂತಿದ್ದೆ. ಆ ಓಟದಲ್ಲಿ ನಿನ್ನ ಯಾರೂ ನಿಲ್ಲಿಸ್ಲಿಲ್ವಾ?”

ಇಡೀ ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಲೆಂಪಿ ಸೌದೆಯನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಮೈಮೇಲೆ ಟವೆಲ್ ಒಂದೇ ಇದ್ದ, ಹಲ್ಲು ಕಟಕಟಿಸುತ್ತಿದ್ದ ಈ ಮನುಷ್ಯನ ಮುಂದೆ ಅಳಬೇಕಾಯಿತಲ್ಲ ಎಂದು ನಗುವೂ ಬಂತು. ಇಲ್ಲ ಎಂದು ತಲೆಯಾಡಿಸಿದಳು.

“ನಾನು ನಿಮ್ಮಲ್ಲಿಗೇ ಬರ್ತೀನಿ,” ಎಂದಳು.

ಮೊರೇನೊ ಬಾಯಿ ತೆರೆಯುವ ಮೊದಲೇ ಅಜ್ಜನಿಗೆ ಕೋಪ ಬಂತು. “ಇದೇನೇ ಇದು, ಸೋತು ಓಡಿಬಂದೋರ ಜೊತೆಗಾ? ಒಳಗೆ ಒಬ್ರು ಇನ್ನೂ ಬಂಡೆ ಹಾಗೆ ಕೂತಿದಾರೆ ನೋಡು.”

ಬಂಡೆಯ ಬಗ್ಗೆ ಎಲ್ಲರಿಗೂ ನೆನಪಾದದ್ದು ಆಗಲೇ. ಸೌನಾದೊಳಗೆ ಸದ್ದೇ ಇರಲಿಲ್ಲ. ಅಜ್ಜಿ ಸೌಟು ಹಿಡಿದುಕೊಂಡೇ ಓಡಿಬಂದು, ಸಾರ್, ಊಟಕ್ಕೆ ಬನ್ನಿ ಎಂದು ಬಾಗಿಲು ಬಡಿದಳು. ಒಳಗಿನಿಂದ ಕ್ಷೀಣವಾದ ದನಿ ಬಂತು.

“ಇನ್ನೊಂದೇ ಸೌಟು.”

ಮತ್ತೆ ಚುಸ್ಸೆಂದಿತು.

ಅಜ್ಜ ಮೊಮ್ಮಗಳ ಮುಖವನ್ನು ನೋಡಿದ, ಅವಳ ಕಾಲನ್ನು ನೋಡಿದ. ತಲೆಯ ಮೇಲಿನ ಟೋಪಿ ತೆಗೆದು ಅವಳ ಕೈಗೆ ಕೊಟ್ಟು, ಬಾಗಿಲು ಎಳೆದು ಹಬೆಯೊಳಗೆ ನುಗ್ಗಿದ. “ಸಾಕು ಮಾರಾಯ್ರೆ, ಏಳಿ ಮೇಲೆ,” ಎನ್ನುವುದು ಹೊರಗಿದ್ದವರಿಗೆಲ್ಲ ಕೇಳಿಸಿತು. ಅವನ ಹೆಗಲಿಗೆ ಜೋತುಬಿದ್ದು ಹೊರಬಂದ ಕ್ರಾಸ್ಬಿಯವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಿಮದಲ್ಲಿ ಕೂತ ಮೊರೇನೊ ಅವರನ್ನು ಕಂಡದ್ದೇ ಅವರ ಮುಖ ಅರಳಿತು.

“ನಾನೇ ಗೆದ್ದೆ, ಅಲ್ವಾ?”

“ನೀವೇ ಗೆದ್ರಿ ಸಾರ್,” ಎಂದ ಅಜ್ಜ, ಅವರನ್ನು ಮೆಲ್ಲಗೆ ಹಿಮದ ಮೇಲೆ ಕೂರಿಸುತ್ತ. “ಹುಡುಗಿ ಮಾತ್ರ ಅವರ ಜೊತೆ ಹೋಗ್ತಾಳೆ.”